ದಂಡೆಯ ಕಡಲಿನಲ್ಲಿ ಹಾಯಿಯ ನಡೆ

ರೋಣ, ನರಗುಂದ, ಗಜೇಂದ್ರಗಡಗಳ ಸೀಮೆಯು ಎರೆಯ ನಾಡು. ಪಡುವಣ ಕಡಲು ಇಲ್ಲಿಂದ ಗೆರೆ ಎಳೆದಂತೆ ಅಳೆದರೂ ಸುಮಾರು 200 ಕಿಲೋಮೀಟರು ದೂರವಿದೆ. ಈ ಸೀಮೆಗೆ ನೀರುಣಿಸುವ ಮಲಪ್ರಭೆಯು ಪಡುವಣ ಘಟ್ಟದ ನೆತ್ತಿಯಲ್ಲಿ ಹುಟ್ಟಿದರೂ ಆ ಕಡಲಿಗೆ ಬೆನ್ನು ತಿರುಗಿಸಿ ಮೂಡಲಿಗೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಇಂತಹ ನೆಲದಲ್ಲಿ ಹುಟ್ಟಿ ಬೆಳೆದವರಿಗೆ ಹಾಯಿಯೂ ಲಂಗರೂ ಕಾವ್ಯದಲ್ಲಿ ಕಂಡ ವಸ್ತುಗಳೇ ಹೊರತು ಕಣ್ಣಾರೆ ಕಂಡವುಗಳಲ್ಲ. ಆದರೂ ಒಂದು ಕಾಲದಲ್ಲಿ, ನಾಲ್ಕೈದು ದಶಕಗಳ ಪರ್ಯಂತ, ಈ ಎರೆಯ ನೆಲದ ಒಕ್ಕಲಿಗನ ಹತ್ತಿಗೆ ದೊರೆಯುವ ಬೆಲೆಯು ಕುಮಟೆಯ ಕಡಲದಂಡೆಯಲ್ಲಿ ಎಷ್ಟು ಮಾರು ನೀರಿದೆ, ಅಲ್ಲಿ ಯಾವ ದಿಕ್ಕಿನ ಗಾಳಿ ಬೀಸುತ್ತಿದೆ ಎಂಬುದನ್ನು ಅವಲಂಬಿಸಿತ್ತೆಂಬುದು ಸತ್ಯಸಂಗತಿ. ಈ ಸೀಮೆಯ ಜವಾರಿ ಹತ್ತಿಗೆ ಪರದೇಶದ ಪೇಟೆಗಳಲ್ಲಿ ರೋಣದ ಹೆಸರಾಗಲಿ ಗದಗಿನ ಹೆಸರಾಗಲಿ ಬರಲಿಲ್ಲ. ‘ಕುಮಟಾ ಹತ್ತಿ’ ಎಂಬ ಹೆಸರೇ ನಿಂತಿತು. ಬೆಳೆದ ಊರನ್ನು ಮರೆಸಿ ಹಡಗನ್ನೇರಿದ ಊರು ಹೆಸರು ಪಡೆಯಬೇಕಾದರೆ ಆ ದಂಡೆಯ ನಾವಿಕರ ಕೆಲಸ ಅದೆಂತಹದಿರಬೇಕು! ಅದನ್ನು ಅರಿಯಬೇಕಾದರೆ ಆಳವಿಲ್ಲದ ನೀರಿನಲ್ಲಿ ಸಣ್ಣ ಹಾಯಿದೋಣಿಯು ನಡೆಯುವ ಬಗೆಯನ್ನು ಮೊದಲು ತಿಳಿಯಬೇಕು.

ಕಡಲೆಂದೊಡನೆ ಅಪಾರವಾದ ಆಳ, ಪರ್ವತಾಕಾರದ ಅಲೆ, ಮುಳುಗುವ ಭಯ ಇವೇ ನೆನಪಿಗೆ ಬರುತ್ತವೆ. ನಾವಿಕನ ಭಯ ಬೇರೆ. ಆಳವಾದ ನೀರು ದೋಣಿಯನ್ನು ಎತ್ತಿ ಹಿಡಿಯುತ್ತದೆ. ಅದನ್ನು ಒಡೆಯುವುದು ನೆಲ. ಬಂಡೆ, ಮರಳದಿಬ್ಬ, ಹೊಳೆಯ ಬಾಯಿಯಲ್ಲಿ ಅಡ್ಡಗಟ್ಟಿದ ಮರಳಿನ ಒಡ್ಡು, ಇವೇ ದೋಣಿಯ ಶತ್ರುಗಳು. ಆದ್ದರಿಂದಲೇ ತೇಲುತ್ತಿರುವ ದೋಣಿಯ ಎಷ್ಟು ಭಾಗ ನೀರಿನೊಳಗೆ ಮುಳುಗಿರುತ್ತದೆ ಎಂಬುದು ದಂಡೆಯ ಪಯಣದಲ್ಲಿ ಎಲ್ಲಕ್ಕಿಂತ ಮೊದಲಿನ ಲೆಕ್ಕ. ಹೊಳೆಆಲೂರಿನ ಹೊಳೆಯಲ್ಲಿ ಹರಿಗೋಲನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಬುಟ್ಟಿಯಂತಹ ಆ ಹರಿಗೋಲು ಮೊಣಕಾಲುದ್ದದ ನೀರಿನಲ್ಲಿಯೂ ತೇಲುತ್ತದೆ. ಆದರೆ ಅದಕ್ಕೆ ಹಾಯಿ ಕಟ್ಟಿದರೆ ಗಾಳಿ ಬಂದ ದಿಕ್ಕಿಗೆ ಎಲೆಯಂತೆ ಜಾರುತ್ತ ಹೋದೀತೇ ವಿನಾ ತನ್ನ ದಾರಿಯನ್ನು ತಾನು ಹಿಡಿಯಲಾರದು. ಏಕೆಂದರೆ ಅದಕ್ಕೆ ನೀರನ್ನು ಕಚ್ಚಿ ಹಿಡಿಯುವ ಅಡಿಮರವಿಲ್ಲ.

ಈ ಅಡಿಮರದ ಮಹತ್ವವನ್ನು ಇನ್ನಷ್ಟು ಬಿಡಿಸಿ ಹೇಳಬೇಕು. ಗಾಳಿಯು ಹಿಂದಿನಿಂದ ಬೀಸಿದಾಗ ದೋಣಿ ಮುಂದೆ ಹೋಗುವುದು ಮಕ್ಕಳಿಗೂ ತಿಳಿದ ವಿಷಯ. ಗಾಳಿಯು ಪಕ್ಕದಿಂದ, ಅಥವಾ ಓರೆಯಾಗಿ ಮುಂದಿನಿಂದ ಬೀಸುವಾಗಲೂ ದೋಣಿ ಮುಂದೆ ಹೋಗಬಲ್ಲದೆಂಬುದು ಒಳನಾಡಿನವರಿಗೆ ಸೋಜಿಗವೆನಿಸುತ್ತದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಇಂದು ನಿಂತಿರುವ ಗಾಳಿಯಂತ್ರಗಳನ್ನು ನೋಡಿದರೆ ಆ ಸೋಜಿಗಕ್ಕೆ ಉತ್ತರ ದೊರೆಯುತ್ತದೆ. ಅವುಗಳ ರೆಕ್ಕೆಗಳು ಗಾಳಿ ಹೋಗುವ ಕಡೆಗೆ ಹೋಗುವುದಿಲ್ಲ. ಗಾಳಿಗೆ ಅಡ್ಡವಾಗಿ ತಿರುಗುತ್ತವೆ. ಬಾಗಿದ ರೆಕ್ಕೆಯ ಎರಡು ಮೈಗಳ ಮೇಲೆ ಹರಿಯುವ ಗಾಳಿಯ ಒತ್ತಡ ಬೇರೆ ಬೇರೆಯಾಗಿ, ಆ ವ್ಯತ್ಯಾಸವು ರೆಕ್ಕೆಯನ್ನು ಪಕ್ಕಕ್ಕೆ ಸೆಳೆಯುತ್ತದೆ. ಉಬ್ಬಿದ ಹಾಯಿಯೂ ಅಂತಹದೇ ಒಂದು ರೆಕ್ಕೆ. ಅದು ದೋಣಿಯನ್ನು ಒಂದಿಷ್ಟು ಮುಂದಕ್ಕೂ ಬಹಳಷ್ಟು ಪಕ್ಕಕ್ಕೂ ಎಳೆಯುತ್ತದೆ. ನೀರಿನೊಳಗಿನ ಅಡಿಮರವು ಪಕ್ಕದ ಎಳೆತವನ್ನು ತಡೆಯುತ್ತದೆ, ಉಳಿದದ್ದು ಮುನ್ನಡೆ. ಹುಣಸೆಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಅದು ಬೆರಳಿನತ್ತ ಬಾರದೆ ಮುಂದೆ ಚಿಮ್ಮುವುದಿಲ್ಲವೆ? ಹಾಯಿಯ ಒತ್ತು ಒಂದು ಬೆರಳು, ಅಡಿಮರದ ತಡೆ ಇನ್ನೊಂದು ಬೆರಳು.

ಇಲ್ಲಿಯೇ ದಂಡೆಯ ನಾವಿಕನ ಇಕ್ಕಟ್ಟು ಹುಟ್ಟುತ್ತದೆ. ಅಡಿಮರ ಆಳವಾದಷ್ಟೂ ದೋಣಿಯು ಎದುರು ಗಾಳಿಯಲ್ಲಿ ಚೆನ್ನಾಗಿ ನಡೆಯುತ್ತದೆ. ಆದರೆ ಆ ದೋಣಿಯು ಹೊಳೆಯ ಬಾಯಿಯನ್ನು ಹೊಗಲಾರದು. ಅಡಿ ಚಪ್ಪಟೆಯಾದಷ್ಟೂ ಹೊಳೆಯ ಬಾಯಿಯನ್ನು ಸುಲಭವಾಗಿ ಹೊಗುತ್ತದೆ. ಆದರೆ ಎದುರು ಗಾಳಿಯಲ್ಲಿ ಪಕ್ಕಕ್ಕೆ ಜಾರಿ ಜಾರಿ ದಂಡೆಯ ಬಂಡೆಗೆ ಹತ್ತಿರವಾಗುತ್ತದೆ. ಈ ಕಾಲದ ವಿನೋದ ದೋಣಿಗಳಲ್ಲಿ ನಡುವಿನ ಹಲಗೆಯನ್ನು ಬೇಕಾದಾಗ ಇಳಿಸಿ ಬೇಡವಾದಾಗ ಎತ್ತಿಕೊಳ್ಳುವ ಉಪಾಯವಿದೆ. ಉತ್ತರ ಕನ್ನಡದ ದಂಡೆಯಲ್ಲಿ ಸರಕು ಸಾಗಿಸುತ್ತಿದ್ದ ಮಚವೆ, ಪತ್ತೇಮಾರಿಗಳಿಗೆ ಆ ಅನುಕೂಲವಿರಲಿಲ್ಲ. ಅಲ್ಲಿಯ ತಾಂಡೇಲನು ಈ ಇಕ್ಕಟ್ಟನ್ನು ದೋಣಿಯ ರಚನೆಯಿಂದ ಬಿಡಿಸಿಕೊಂಡದ್ದಕ್ಕಿಂತ ಹೆಚ್ಚಾಗಿ ಹೊತ್ತಿನ ಲೆಕ್ಕದಿಂದ ಬಿಡಿಸಿಕೊಂಡನು. ಯಾವ ತಿಥಿಗೆ ಹೊರಡಬೇಕು, ಯಾವ ಜಾವದಲ್ಲಿ ಹಾಯಿ ಏರಿಸಬೇಕು, ಎಲ್ಲಿ ಸುಮ್ಮನೆ ಲಂಗರು ಹಾಕಿ ಕೂಡಬೇಕು ಎಂಬ ತಿಳಿವಳಿಕೆಯೇ ಅವನ ನಿಜವಾದ ಬಂಡವಾಳ.

ಗಾಳಿಯ ಸಂಗತಿಯನ್ನು ನೋಡೋಣ. ಸುಗ್ಗಿಯಲ್ಲಿ ಕಣದ ಮೇಲೆ ರಾಶಿ ತೂರುವ ಒಕ್ಕಲಿಗನು ಗಾಳಿಗಾಗಿ ಮೊರ ಹಿಡಿದು ಕಾಯುವಂತೆ ತಾಂಡೇಲನೂ ಕಾಯುತ್ತಾನೆ. ಆದರೆ ಕಡಲದಂಡೆಯ ಗಾಳಿಗೆ ಬಯಲಿನ ಗಾಳಿಗಿಂತ ಹೆಚ್ಚಿನ ನಿಯಮವಿದೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ಹಗಲು ನೆಲವು ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಮೇಲೇರಿದಾಗ ಆ ತೆರವಿಗೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತದೆ. ನಡುಹಗಲಿನ ಸುಮಾರಿಗೆ ಪಡುವಲಿನಿಂದ, ವಾಯವ್ಯದಿಂದ ಎದ್ದು ಇಳಿಹೊತ್ತಿನಲ್ಲಿ ಜೋರಾಗಿ, ಹೊತ್ತು ಮುಳುಗುತ್ತಲೇ ಅದು ಅಡಗುತ್ತದೆ. ರಾತ್ರಿಯಲ್ಲಿ ನೆಲ ಬೇಗ ತಣಿಯುವುದರಿಂದ ವ್ಯವಹಾರವು ತಿರುವುಮುರುವಾಗಿ, ಘಟ್ಟದ ಕಡೆಯಿಂದ ಮೂಡಗಾಳಿ ಇಳಿದು ಬೆಳಗಿನ ವರೆಗೂ ಕಡಲಿನತ್ತ ಬೀಸುತ್ತದೆ. ಕುಮಟೆಯಿಂದ ಮುಂಬಯಿಗೆ ಬಡಗಣ ದಿಕ್ಕಿನ ದಾರಿ. ಸುಮಾರು 500 ಕಿಲೋಮೀಟರು. ಹಗಲಿನ ವಾಯವ್ಯದ ಗಾಳಿ ಈ ದಾರಿಗೆ ಹೆಚ್ಚುಕಡಿಮೆ ಎದುರು. ರಾತ್ರಿಯ ಮೂಡಗಾಳಿಯೋ ಪಕ್ಕದ ಗಾಳಿ, ಹಾಯಿಗೆ ಅತ್ಯಂತ ಹಿತವಾದದ್ದು. ಆ ಗಾಳಿಯು ದಂಡೆಗೆ ಹತ್ತಿರದಲ್ಲಿಯೇ ಬಲವಾಗಿದ್ದು ದೂರ ಹೋದಂತೆ ಕ್ಷೀಣಿಸುತ್ತದೆ. ಆದ್ದರಿಂದ ಮುಂಬಯಿಗೆ ಹೋಗುವ ದೋಣಿಯು ರಾತ್ರಿಯಲ್ಲಿ, ದಂಡೆಯ ಪಕ್ಕದಲ್ಲಿ, ಆಳವಿಲ್ಲದ ನೀರಿನಲ್ಲಿಯೇ ನಡೆಯಬೇಕು. ಬಂಡೆಗಳಿರುವುದೂ ಅಲ್ಲಿಯೇ, ಕಣ್ಣಿಗೆ ಕಾಣದಿರುವುದೂ ಆ ಹೊತ್ತಿನಲ್ಲಿಯೇ.

ಗಾಳಿ ಎದುರಾದಾಗ ಹಾಯಿದೋಣಿಯು ಸರ್ಪಗತಿಯಿಂದ ನಡೆಯಬೇಕು. ಒಮ್ಮೆ ಕಡಲಿನತ್ತ ಓರೆಯಾಗಿ, ಮತ್ತೊಮ್ಮೆ ದಂಡೆಯತ್ತ ಓರೆಯಾಗಿ ಓಡಿ ಅಷ್ಟಷ್ಟೇ ಮುಂದುವರಿಯಬೇಕು. ಮುಕ್ಕೋನದ ಓರೆಹಾಯಿಯ ದೋಣಿಯು ಗಾಳಿ ಬರುವ ನೇರಕ್ಕೆ ಅರವತ್ತು ಡಿಗ್ರಿ ಓರೆಯಾಗಿ ನಡೆಯಿತೆಂದು ಹಿಡಿದರೆ, ಎರಡು ಹರದಾರಿ ಓಡಿದಾಗ ಸಾಧಿಸಿದ ದಾರಿ ಒಂದೇ ಹರದಾರಿ. ದೋಣಿಯು ಪಕ್ಕಕ್ಕೆ ಜಾರುವುದನ್ನು ಲೆಕ್ಕ ಹಾಕಿದರೆ ಅದೂ ಇಲ್ಲ. ಓರೆಹಾಯಿಯನ್ನು ಹೊತ್ತ ಉದ್ದನೆಯ ಅಡ್ಡಮರವನ್ನು ಪ್ರತಿ ತಿರುವಿಗೂ ಕೂವೆಮರದ ಮುಂದಿನಿಂದ ಇನ್ನೊಂದು ಬದಿಗೆ ತರಬೇಕಾಗುವುದರಿಂದ ಆ ತಿರುವೂ ಸುಲಭದ ಕೆಲಸವಲ್ಲ. ಇಷ್ಟೆಲ್ಲ ಶ್ರಮಪಟ್ಟರೂ ಹಲವು ಬಾರಿ ಸಂಜೆಗೆ ಬೆಳಗಿನ ಗುಡ್ಡವೇ ಎದುರಿಗೆ ಕಾಣಿಸುವುದುಂಟು. ಅನುಭವಿಯಾದ ತಾಂಡೇಲನು ಹಗಲಿನಲ್ಲಿ ಯಾವುದಾದರೂ ಕೊಲ್ಲಿಯ ಮರೆಯಲ್ಲಿ ಲಂಗರು ಹಾಕಿ ಮಲಗುತ್ತಿದ್ದನು. ಕಾಣದವರು ಅದನ್ನು ಸೋಮಾರಿತನವೆಂದಾರು.

ಈ ಗಾಳಿ ಅರಸರನ್ನೂ ಬಿಟ್ಟಿಲ್ಲ. 1665ರ ಫೆಬ್ರುವರಿಯಲ್ಲಿ ಶಿವಾಜಿ ಮಹಾರಾಜನು ಮಾಲವಣದ ಕಡೆಯಿಂದ ನೌಕೆಗಳ ದೊಡ್ಡ ಸಮೂಹದೊಡನೆ ತೆಂಕಲಿಗೆ ಬಂದು, ಕುಂದಾಪುರದ ಬಳಿಯ ಬಸರೂರನ್ನು ಸೂರೆಗೊಂಡನು. ಬರುವಾಗ ವಾಯವ್ಯದ ಗಾಳಿ ಬೆನ್ನಿಗಿದ್ದು ಅನುಕೂಲವಾಗಿತ್ತು. ಹಿಂದಿರುಗುವಾಗ ಅದೇ ಗಾಳಿ ಎದುರಾಗಿ ಅವನನ್ನು ಬಹುದಿನ ತಡೆಯಿತೆಂದು ಇತಿಹಾಸಕಾರ ಗ್ರಾಂಟ್ ಡಫ್ ಬರೆದಿದ್ದಾನೆ. ಗೋಕರ್ಣದಲ್ಲಿ ಇಳಿದ ಮೇಲೆ ಅವನು ಬಹುಪಾಲು ನೌಕೆಗಳನ್ನು ಕಳುಹಿಸಿಕೊಟ್ಟು ಅಂಕೋಲೆಗೆ ನೆಲದ ದಾರಿಯನ್ನು ಹಿಡಿದನು. ಅದಕ್ಕೆ ನಾಲ್ಕು ದಶಕ ಮುಂಚೆ, 1623ರಲ್ಲಿ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು ಕೆಳದಿಯ ವೆಂಕಟಪ್ಪನಾಯಕನ ಆಸ್ಥಾನಕ್ಕೆ ಹೊರಟ ಪೋರ್ತುಗೀಸ ರಾಯಭಾರಿಯ ಜೊತೆಗೆ ಗೋವೆಯಿಂದ ಇದೇ ದಂಡೆಯ ಗುಂಟ ಹೊನ್ನಾವರಕ್ಕೆ ಬಂದು, ಅಲ್ಲಿಂದ ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋಗಿ ಇಕ್ಕೇರಿಯ ಘಟ್ಟವನ್ನು ಹತ್ತಿದನು. ಹೊಳೆಯ ಬಾಯಿಯನ್ನು ದಾಟಿ ಒಳಗೆ ಹೊಕ್ಕರೆ ಘಟ್ಟದ ಬುಡದವರೆಗೆ ನೀರೇ ದಾರಿ ಎಂಬುದು ಆ ಕಾಲದ ದೊಡ್ಡ ಸೌಕರ್ಯ. ಬಾಯಿಯನ್ನು ದಾಟುವುದೇ ಕಷ್ಟ.

ಹೊಳೆಯು ಕಡಲನ್ನು ಕೂಡುವ ಆ ಬಾಯಿಗೆ ಕನ್ನಡದಲ್ಲಿ ಅಳಿವೆ ಎಂದು ಹೆಸರು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಉತ್ತರ ಕನ್ನಡದ ಈ ನಾಲ್ಕು ಹೊಳೆಗಳಿಗೂ ಅಳಿವೆಗಳಿವೆ. ಇವುಗಳಲ್ಲಿ ಗಂಗಾವಳಿಯು ಮೇಲುಗಡೆ ಬೇಡ್ತಿ ಎನಿಸಿಕೊಂಡು ಹುಬ್ಬಳ್ಳಿ ಧಾರವಾಡಗಳ ಮಗ್ಗುಲಲ್ಲಿಯೇ ಹುಟ್ಟುತ್ತದೆ. ಆ ದಿನ್ನೆಯ ಮೂಡಣ ಇಳಿಜಾರಿಗೆ ಬಿದ್ದ ಮಳೆ ಬೆಣ್ಣೆಹಳ್ಳವನ್ನು ಸೇರಿ ರೋಣದ ಸೀಮೆಯಲ್ಲಿ ಮಲಪ್ರಭೆಗೆ ಬರುತ್ತದೆ. ಪಡುವಣ ಇಳಿಜಾರಿಗೆ ಬಿದ್ದದ್ದು ಗೋಕರ್ಣದ ಬಳಿಯ ಅಳಿವೆಗೆ ಹೋಗುತ್ತದೆ. ಹೊಳೆ ತಂದ ಮಣ್ಣು ಮರಳುಗಳನ್ನು ಕಡಲಿನ ಅಲೆಗಳು ಹಿಂದಕ್ಕೆ ತಳ್ಳುವುದರಿಂದ ಅಳಿವೆಗೆ ಅಡ್ಡವಾಗಿ ಮರಳಿನ ಒಡ್ಡು ಕಟ್ಟುತ್ತದೆ. ಪ್ರತಿ ಮಳೆಗಾಲದ ಪ್ರವಾಹ ಅದನ್ನು ಕೊರೆದು ಸ್ಥಳಾಂತರಿಸುತ್ತದೆ. ಕಳೆದ ವರ್ಷದ ದಾರಿ ಈ ವರ್ಷಕ್ಕೆ ಇರುತ್ತದೆಂಬ ನಂಬಿಕೆಯಿಲ್ಲ. ಆದ್ದರಿಂದ ನಕಾಶೆಗಿಂತ ಆ ಊರಿನ ಅಂಬಿಗನ ಮಾತೇ ಪ್ರಮಾಣ.

ಅಲೆಯು ಆಳದ ನೀರಿನಲ್ಲಿ ಉದ್ದವಾಗಿ, ನಿರುಪದ್ರವಿಯಾಗಿ ಉರುಳುತ್ತದೆ. ನೀರು ತೆಳುವಾದಂತೆ ಅದರ ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ತಲೆ ಎತ್ತರವಾಗುತ್ತದೆ. ಅಲೆಯ ಎತ್ತರಕ್ಕೆ ನೀರಿನ ಆಳವು ಒಂದೂಕಾಲು ಪಾಲಿನಷ್ಟಕ್ಕೆ ಇಳಿಯುವ ಹೊತ್ತಿಗೆ ಅದು ಮುರಿದು ಬೀಳುತ್ತದೆ. ಅಳಿವೆಯ ಒಡ್ಡಿನ ಮೇಲೆ ಬಿಳಿಯ ನೊರೆಯ ಸಾಲು ಕಾಣುವುದು ಈ ಕಾರಣದಿಂದಲೇ. ಒಳಗಿನ ನೀರು ಇಳಿತಕ್ಕೆ ಹೊರನುಗ್ಗುವ ವೇಳೆಯಲ್ಲಂತೂ ಒಳಬರುವ ಅಲೆಗೂ ಹೊರಹೋಗುವ ಹೊನಲಿಗೂ ಡಿಕ್ಕಿಯಾಗಿ ಅಲೆಗಳು ಗೋಡೆಯಂತೆ ನಿಲ್ಲುತ್ತವೆ. ಆ ಹೊತ್ತಿನಲ್ಲಿ ಒಡ್ಡನ್ನು ದಾಟಲು ಹೊರಟವನನ್ನು ಸಾಹಸಿ ಎನ್ನುವುದಕ್ಕಿಂತ ಅವಿವೇಕಿ ಎನ್ನುವುದೇ ಸರಿ. ಭರತವು ಏರುತ್ತಿರುವಾಗ, ಅದು ಪೂರ್ಣವಾಗುವುದಕ್ಕೆ ಸ್ವಲ್ಪ ಮುಂಚೆ ದಾಟುವುದು ಕ್ರಮ. ಒಂದು ವೇಳೆ ದೋಣಿ ನೆಲ ಹತ್ತಿದರೂ ಇನ್ನೂ ಏರುವ ನೀರು ಅದನ್ನು ಎತ್ತಿಕೊಡುತ್ತದೆ. ಇಳಿಯುವ ನೀರಿನಲ್ಲಿ ನೆಲ ಹತ್ತಿದ ದೋಣಿಯ ಪಾಡು ಮುಂಗಾರಿನ ಎರೆಯಲ್ಲಿ ಹೂತ ಚಕ್ಕಡಿಯ ಪಾಡು. ಚಕ್ಕಡಿಗಾದರೆ ಎರಡು ಜೋಡಿ ಎತ್ತು ಹೆಚ್ಚಿಗೆ ಹೂಡಬಹುದು!

1883ರಲ್ಲಿ ಕಾರವಾರದಲ್ಲಿ ತಮ್ಮ ಅಣ್ಣನ ಮನೆಯಲ್ಲಿದ್ದ ತರುಣ ರವೀಂದ್ರನಾಥ ಠಾಕೂರರು ಕಾಳಿಹೊಳೆಯಲ್ಲಿ ದೋಣಿಯ ವಿಹಾರ ಹೋಗಿ, ಬೆಳದಿಂಗಳಿನಲ್ಲಿ ಹಿಂದಿರುಗುವಾಗ ಅಳಿವೆಯ ಬಳಿಯಲ್ಲಿಯೇ ಇಳಿದು ಮರಳದಂಡೆಯ ಮೇಲೆ ನಡೆದು ಮನೆ ಸೇರಿದರೆಂದು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಕವಿಯ ಕಾರಣ ಏನೇ ಇರಲಿ, ರಾತ್ರಿಯಲ್ಲಿ ಅಳಿವೆಯನ್ನು ದಾಟದೆ ಇಳಿದು ನಡೆಯುವ ನಿರ್ಧಾರವನ್ನು ಯಾವ ತಾಂಡೇಲನೂ ಮೆಚ್ಚುವನು.

ಭರತ ಇಳಿತಗಳ ಲೆಕ್ಕಕ್ಕೆ ಗಡಿಯಾರಕ್ಕಿಂತ ಪಂಚಾಂಗವೇ ಮೇಲು. ಚಂದ್ರನ ಸೆಳೆತದಿಂದ ದಿನಕ್ಕೆ ಎರಡು ಬಾರಿ ನೀರು ಏರಿ ಎರಡು ಬಾರಿ ಇಳಿಯುತ್ತದೆ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಒಂದು ಬಂದರಿನಲ್ಲಿ ಅಮಾವಾಸ್ಯೆಯ ದಿನ ಭರತವು ಎಷ್ಟು ಹೊತ್ತಿಗೆ ತುಂಬುವುದೆಂಬುದು ತಿಳಿದಿದ್ದರೆ ಸಾಕು, ಮುಂದೆ ತಿಥಿಗೆ ಎರಡು ಘಳಿಗೆಯಂತೆ ಕೂಡಿಸುತ್ತ ಹೋಗಬಹುದು. ಎರಡು ಘಳಿಗೆಯೆಂದರೆ 48 ನಿಮಿಷ. ಹದಿನೈದು ತಿಥಿಗೆ ಹನ್ನೆರಡು ಗಂಟೆಯಾಗಿ ಹುಣ್ಣಿಮೆಯ ಭರತವು ಅಮಾವಾಸ್ಯೆಯ ವೇಳೆಗೇ ಬಂದು ನಿಲ್ಲುತ್ತದೆ. ಚಂದ್ರಮಾನದ ಪಂಚಾಂಗದೊಳಗೆ ಕಡಲಿನ ಗಡಿಯಾರವೊಂದು ಅಡಗಿದೆಯೆಂಬುದು ಒಳನಾಡಿನ ಜ್ಯೋತಿಷಿಗಳ ಗಮನಕ್ಕೆ ಬರುವುದು ಅಪೂರ್ವ. ಏರಿಳಿತದ ಪ್ರಮಾಣವೂ ತಿಥಿಯನ್ನೇ ಅನುಸರಿಸುತ್ತದೆ. ಸೂರ್ಯ ಚಂದ್ರರ ಸೆಳೆತಗಳು ಕೂಡುವ ಅಮಾವಾಸ್ಯೆ ಹುಣ್ಣಿಮೆಗಳ ಸುತ್ತಮುತ್ತ ಅದು ಹೆಚ್ಚು; ಅಷ್ಟಮಿಯ ಸುತ್ತಮುತ್ತ ಕಡಿಮೆ. ಖಂಬಾತದ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನವರೆಗೂ ಏರುತ್ತದೆ, ಮುಂಬಯಿಯಲ್ಲಿ ನಾಲ್ಕು ಮೀಟರಿನಷ್ಟು. ಕಾರವಾರದ ದಂಡೆಯಲ್ಲಿಯಾದರೋ ಹುಣ್ಣಿಮೆಯಲ್ಲಿಯೂ ಎರಡು ಮೀಟರಿನೊಳಗೆ. ಪ್ರಮಾಣ ಸಣ್ಣದಾದ್ದರಿಂದಲೇ ಒಂದೊಂದು ಗೇಣೂ ಅಮೂಲ್ಯ. ಆರು ಗಂಟೆಯ ಏರಿಕೆಯಲ್ಲಿ ನಡುವಿನ ಎರಡು ಗಂಟೆಗಳಲ್ಲಿಯೇ ಅರ್ಧದಷ್ಟು ನೀರು ಬಂದುಬಿಡುತ್ತದೆ. ಮೊದಲಿನ ಮತ್ತು ಕೊನೆಯ ಗಂಟೆಗಳಲ್ಲಿ ಏರಿಕೆ ಅತ್ಯಲ್ಪ. ಇದನ್ನರಿಯದೆ ಹುಣ್ಣಿಮೆಯ ತುಂಬಿದ ಭರತದ ತುತ್ತತುದಿಯಲ್ಲಿ ದೋಣಿಯನ್ನು ಮರಳಿಗೆ ಹತ್ತಿಸಿದವನು ಅಷ್ಟೇ ಎತ್ತರದ ನೀರಿಗಾಗಿ ಹದಿನೈದು ದಿನ ಕಾಯಬೇಕಾದೀತು, ಇಲ್ಲವೆ ಸರಕನ್ನೆಲ್ಲ ಇಳಿಸಿ ದೋಣಿಯನ್ನು ಹಗುರ ಮಾಡಬೇಕಾದೀತು.

ಆಳವನ್ನು ಅಳೆಯಲು ಇದ್ದ ಸಾಧನವು ಅತಿ ಸರಳವಾದದ್ದು. ಉದ್ದನೆಯ ಹಗ್ಗದ ತುದಿಗೆ ಸೀಸದ ಗುಂಡು, ಹಗ್ಗದಲ್ಲಿ ಮಾರಿಗೊಂದು ಗುರುತು. ದೋಣಿಯ ಮುಂದಿನ ತುದಿಯಲ್ಲಿ ನಿಂತವನು ಗುಂಡನ್ನು ಮುಂದಕ್ಕೆ ಎಸೆದು, ಹಗ್ಗ ನೆಟ್ಟಗಾದಾಗ ಗುರುತನ್ನು ಕೂಗಿ ಹೇಳುತ್ತಾನೆ. ಗುಂಡಿನ ಅಡಿಯ ಕುಳಿಯಲ್ಲಿ ಕೊಬ್ಬು ಮೆತ್ತಿದ್ದರೆ ತಳದ ಮರಳೋ ಕೆಸರೋ ಅದಕ್ಕೆ ಅಂಟಿ ಬರುತ್ತದೆ. ಏನೂ ಅಂಟದಿದ್ದರೆ ಕೆಳಗೆ ಬಂಡೆ. ಕತ್ತಲಲ್ಲಿ ಕಾಣದ ದಾರಿಯನ್ನು ಹೀಗೆ ನೆಲವನ್ನು ಮುಟ್ಟಿ ಮುಟ್ಟಿ ತಿಳಿಯಬೇಕು. ಹಗಲಿನಲ್ಲಿ ನೀರಿನ ಬಣ್ಣ, ನೊರೆಯ ಸಾಲು, ಗುಡ್ಡದ ತುದಿಗೂ ದೇಗುಲದ ಶಿಖರಕ್ಕೂ ಒಂದೇ ಗೆರೆ ಹಿಡಿಯುವ ಉಪಾಯ, ಇವು ಸಹಾಯಕ್ಕೆ ಬರುತ್ತವೆ. ಹೊನ್ನಾವರದ ಬಳಿಯ ಬಸವರಾಜದುರ್ಗ, ಮುರ್ಡೇಶ್ವರದ ಎದುರಿನ ನೇತ್ರಾಣಿ, ಕಾರವಾರದ ಎದುರಿನ ಕೂರ್ಮಗಡ ದೇವಗಡಗಳಂತಹ ನಡುಗಡ್ಡೆಗಳು ದಾರಿಯ ಗುರುತೂ ಹೌದು, ಕೆಲವು ಗಾಳಿಯಲ್ಲಿ ಮರೆಯೂ ಹೌದು. ಲಂಗರು ಹಾಕುವಾಗ ನೀರಿನ ಆಳದ ಐದು ಪಟ್ಟಿಗೆ ಕಡಿಮೆಯಿಲ್ಲದಂತೆ ಹಗ್ಗ ಬಿಡಬೇಕು. ಹಗ್ಗ ಓರೆಯಾಗಿ ಎಳೆದರೆ ಮಾತ್ರ ಲಂಗರಿನ ಕೊಂಡಿ ನೆಲಕ್ಕೆ ನಾಟುತ್ತದೆ, ನೆಟ್ಟಗೆ ಎಳೆದರೆ ಕಿತ್ತು ಬರುತ್ತದೆ.

ಈ ವಿದ್ಯೆಯ ಮಾತುಗಳನ್ನು ಗಮನಿಸಿದರೆ ಅದರ ಚರಿತ್ರೆಯೂ ತಿಳಿಯುತ್ತದೆ. ಅಳಿವೆ, ಕೂವೆ, ಹುಟ್ಟು, ಹಾಯಿ, ಹಡಗು ಇವು ಅಚ್ಚಗನ್ನಡದ, ದ್ರಾವಿಡ ಮೂಲದ ಶಬ್ದಗಳು. ಹಳಗನ್ನಡದ ಪಡಗು ಪಕಾರಕ್ಕೆ ಹಕಾರ ಬಂದು ಹಡಗಾಯಿತು. ತಮಿಳು ಮಲೆಯಾಳಗಳಲ್ಲಿ ಚಾಪೆಗೂ ಹಾಯಿಗೂ ಪಾಯ್ ಎಂಬ ಒಂದೇ ಮಾತಿರುವುದನ್ನು ನೋಡಿದರೆ ಮೊದಲ ಹಾಯಿಗಳು ಹೆಣೆದ ಚಾಪೆಗಳೇ ಆಗಿದ್ದವೇನೋ ಎನಿಸುತ್ತದೆ. ಲಂಗರು, ಬಂದರು ಪಾರಸಿಯವು. ಚುಕ್ಕಾಣಿಯು ಅರಬ್ಬಿಯ ಸುಕ್ಕಾನ್ ಎಂಬುದರಿಂದ ಬಂದುದು. ದಂಡೆಯ ನೀರಿನ ಮಾತು ಮನೆಯದು, ದೂರದ ವ್ಯಾಪಾರದ ಮಾತು ಹೊರಗಿನದು. ಅಂತೂ ದಂಡೆಯ ಖಾರ್ವಿ, ಅಂಬಿಗ, ಹರಿಕಾಂತ, ಮೊಗವೀರ ಜನರ ಕೈಯಲ್ಲಿ ಎರಡೂ ಕೂಡಿಕೊಂಡವು.

ಇನ್ನು ಹತ್ತಿಯ ಕಥೆಗೆ ಬರೋಣ. 1840ರ ದಶಕದಲ್ಲಿ ಸರಕಾರವು ಧಾರವಾಡ ಸೀಮೆಯಲ್ಲಿ ಅಮೇರಿಕದ ಹತ್ತಿಬೀಜವನ್ನು ಬಿತ್ತಿಸಲು ತೊಡಗಿತು. ಗದಗ ರೋಣಗಳ ಎರೆಯಲ್ಲಿ ಅದು ಚೆನ್ನಾಗಿ ಹಿಡಿಯಿತು. ಜವಾರಿ ಹತ್ತಿಯಂತೂ ಇತ್ತೇ ಇತ್ತು. 1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತುಹೋದಾಗ ಈ ಸೀಮೆಯ ಅರಳೆಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ತೆಗೆದು ಮುಂಬಯಿ ಆಧಿಪತ್ಯಕ್ಕೆ ಸೇರಿಸಿದ್ದಕ್ಕೂ ಕಾರವಾರದ ಬಂದರನ್ನು ಬೆಳೆಸಲು ಯತ್ನಿಸಿದ್ದಕ್ಕೂ ಹತ್ತಿಯ ವ್ಯಾಪಾರಿಗಳ ಒತ್ತಾಯವೇ ಮುಖ್ಯ ಕಾರಣ. ಕಾರವಾರದ ಎದುರಿನ ದೇವಗಡದ ಮೇಲೆ 1864ರಲ್ಲಿ ದೀಪಸ್ತಂಭ ನಿಂತಿತು. ಆದರೆ ಹತ್ತಿಯ ಹಳೆಯ ದಾರಿ ಕುಮಟೆಗೇ ಇತ್ತು. ರೋಣದಿಂದ ಹುಬ್ಬಳ್ಳಿ, ಅಲ್ಲಿಂದ ಶಿರಸಿ, ದೇವಿಮನೆ ಘಟ್ಟ ಇಳಿದು ಕುಮಟೆ: ಸುಮಾರು 250 ಕಿಲೋಮೀಟರು. ಚಕ್ಕಡಿಗೆ ಹತ್ತು ಹನ್ನೆರಡು ದಿನದ ದಾರಿ.

ಕುಮಟೆಯಲ್ಲಿ ದೊಡ್ಡ ಹಡಗು ನಿಲ್ಲುವ ಬಂದರು ಇರಲಿಲ್ಲ. ಇದ್ದದ್ದು ಸಣ್ಣದೊಂದು ಹಿನ್ನೀರು, ಅದರ ಬಾಯಿಯಲ್ಲಿ ಆಳವಿಲ್ಲದ ನೀರು. ದೊಡ್ಡ ಹಡಗು ಬರಲಾರದ ಕಡೆ ಸಣ್ಣದು ದೊರೆಯಾಗುತ್ತದೆ. ಆದರೆ ಹತ್ತಿಯು ಹಾಯಿದೋಣಿಗೆ ಹಿತವಾದ ಸರಕಲ್ಲ. ಅದು ಹಗುರ, ಆದರೆ ಗಾತ್ರದಲ್ಲಿ ಬಹಳ. ಅಂಡಿಗೆಗಳು ದೋಣಿಯ ಹೊಟ್ಟೆಯನ್ನು ತುಂಬಿದರೂ ದೋಣಿ ಸಾಕಷ್ಟು ಮುಳುಗುವುದಿಲ್ಲ. ಎತ್ತರಕ್ಕೆ ತೇಲಿ, ನೀರನ್ನು ಕಚ್ಚದೆ ಗಾಳಿಗೆ ಪಕ್ಕಕ್ಕೆ ಜಾರುತ್ತದೆ. ಅಡಿಯಲ್ಲಿ ಕಲ್ಲು ಹೇರಿ ಭಾರ ಹೆಚ್ಚಿಸಿದರೆ ಅಳಿವೆಯ ಒಡ್ಡು ತಾಗುವ ಭಯ. ಉಪ್ಪುನೀರು ತಾಗಿದ ಅರಳೆ ಕೆಟ್ಟು ಬೆಲೆ ಕಳೆದುಕೊಳ್ಳುವುದಂತೂ ಸರಿಯೇ.

ಎಲ್ಲಕ್ಕಿಂತ ದೊಡ್ಡ ತೊಡಕು ಕಾಲದ್ದು. ನವೆಂಬರದಿಂದ ಜನವರಿಯ ವರೆಗೆ ಈ ದಂಡೆಯ ಗುಂಟ ಕಡಲಿನ ಹೊನಲು ಬಡಗಲಿಗೆ ಹರಿಯುತ್ತದೆ, ಮೂಡಗಾಳಿಯೂ ಬಲವಾಗಿರುತ್ತದೆ. ಮುಂಬಯಿಗೆ ಹೋಗಲು ಅದೇ ಪ್ರಶಸ್ತ ಕಾಲ. ಆದರೆ ಆ ತಿಂಗಳುಗಳಲ್ಲಿ ರೋಣದ ಹತ್ತಿ ಇನ್ನೂ ಗಿಡದ ಮೇಲಿರುತ್ತಿತ್ತು. ಭಾರತ ಹುಣ್ಣಿಮೆಯ ಸುಮಾರಿಗೆ ಬಿಡಿಸಲು ತೊಡಗಿ ದವನದ ಹುಣ್ಣಿಮೆಯ ವರೆಗೂ ಆ ಕೆಲಸ ನಡೆಯುತ್ತಿತ್ತು. ಬಿಡಿಸಿ, ಅರೆದು, ಚಕ್ಕಡಿಯಲ್ಲಿ ಹೇರಿ ಕುಮಟೆಗೆ ಮುಟ್ಟಿಸುವ ಹೊತ್ತಿಗೆ ಹೊನಲು ತಿರುಗಿ ತೆಂಕಲಿಗೆ ಹರಿಯತೊಡಗಿ, ಹಗಲಿನ ವಾಯವ್ಯದ ಗಾಳಿ ಬಲಗೊಂಡು, ರಾತ್ರಿಯ ಮೂಡಗಾಳಿ ಸೊರಗಿರುತ್ತಿತ್ತು. ಮುಂದೆ ಆಗಿ ಹುಣ್ಣಿಮೆ; ಅದು ಕಳೆದರೆ ಕಾರ ಹುಣ್ಣಿಮೆಯ ಒಳಗೆ ಮಳೆಗಾಳಿ ಎದ್ದು ಕಡಲಿನ ಬಾಗಿಲು ಮುಚ್ಚುತ್ತಿತ್ತು. ಹೋಳಿಯಿಂದ ಆಗಿಯ ವರೆಗಿನ ಮೂರು ಹುಣ್ಣಿಮೆ, ನಡುವಣ ಎರಡು ಮೂರು ಅಮಾವಾಸ್ಯೆ, ಒಡ್ಡಿನ ಮೇಲೆ ತುಂಬು ನೀರು ದೊರೆಯುವ ಸಂದರ್ಭಗಳು ಇಷ್ಟೇ. ಎರೆಯ ಒಕ್ಕಲಿಗನು ಹಬ್ಬವೆಂದು ಎಣಿಸುತ್ತಿದ್ದ ಹುಣ್ಣಿಮೆಗಳನ್ನೇ ಅವನ ಸರಕನ್ನು ಹೊತ್ತ ತಾಂಡೇಲನು ನೀರೆಂದು ಎಣಿಸುತ್ತಿದ್ದನು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ಕಂಡವರಲ್ಲ.

ತಡವಾದ ಸರಕು ನಾಲ್ಕು ತಿಂಗಳು ಕುಮಟೆಯ ತೇವದ ಗಾಳಿಯಲ್ಲಿ ಉಳಿಯಬೇಕಾಗುತ್ತಿತ್ತು. ಅಷ್ಟರಲ್ಲಿ ಪೇಟೆಯ ಗತಿ ಏನಾಗುವುದೋ ಬಲ್ಲವರಾರು? 1865ರ ವಸಂತದಲ್ಲಿ ಅಮೇರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿದಾಗ ಮುಂಬಯಿಯ ದೊಡ್ಡ ದೊಡ್ಡ ವ್ಯಾಪಾರದ ಮನೆಗಳೇ ಉರುಳಿದವು. ಅದು ಈ ಸೀಮೆಯ ಹತ್ತಿ ದಾರಿಯಲ್ಲಿರುವ ಕಾಲ. ಘಟ್ಟದ ಮೇಲೆ ಎತ್ತು ಬಳಲಿದ್ದಕ್ಕೂ ಅಳಿವೆಯಲ್ಲಿ ಅಷ್ಟಮಿಯ ನೀರು ಸಾಲದೆ ಹೋದದ್ದಕ್ಕೂ ತೆತ್ತ ಬೆಲೆಯನ್ನು ಕೊನೆಗೆ ಹೊತ್ತವನು ಮುಂಗಡ ಸಾಲ ತಂದು ಬಿತ್ತಿದ ಒಕ್ಕಲಿಗನೇ.

1880ರ ದಶಕದಲ್ಲಿ ಹೋಟಗಿಯಿಂದ ಹೊಳೆಆಲೂರಿನ ಮೇಲೆ ಹಾಯ್ದು ಗದಗ ಹುಬ್ಬಳ್ಳಿಗಳಿಗೆ ರೈಲು ಬಂದಿತು. ಆ ದಶಕದಲ್ಲಿಯೇ ಲೋಂಡೆಯ ದಾರಿಯಾಗಿ ಗೋವೆಯ ಮಾರ್ಮುಗೋವೆ ಬಂದರಿಗೂ ಹಳಿ ಬಿದ್ದಿತು. ರೈಲಿಗೆ ತಿಥಿಯೂ ಬೇಡ, ಗಾಳಿಯೂ ಬೇಡ. ಕುಮಟೆಯ ಹತ್ತಿಯ ವ್ಯಾಪಾರ ಕೆಲವೇ ವರ್ಷಗಳಲ್ಲಿ ಬತ್ತಿತು. ಹೆಸರು ಮಾತ್ರ ಹತ್ತಿಗೆ ಅಂಟಿಕೊಂಡು ಮುಂದಿನ ಶತಮಾನಕ್ಕೂ ಉಳಿಯಿತು. ಹೆಂಚು, ಕಟ್ಟಿಗೆ, ತೆಂಗು, ಉಪ್ಪುಗಳನ್ನು ಹೊತ್ತು ಹಾಯಿದೋಣಿಗಳು ಇಪ್ಪತ್ತನೆಯ ಶತಮಾನದಲ್ಲಿಯೂ ಬಹುಕಾಲ ಓಡಿದವು. ಆಮೇಲೆ ಲಾರಿಗಳು ಸರಕನ್ನು ಕಸಿದುಕೊಂಡವು, ಯಂತ್ರಗಳು ಹಾಯಿಯನ್ನು ಕಸಿದುಕೊಂಡವು. ಹಳೆಯ ರೀತಿಯಲ್ಲಿ ಹಲಗೆಗಳನ್ನು ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿಹಡಗು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿತು. ಅದು ಪುರಾತನ ಮಹಾನೌಕೆಗಳ ಸ್ಮರಣೆಗೆಂದು ಕಟ್ಟಿದ ಹಡಗು. ಹತ್ತಿ ಹೊತ್ತ ಬಡ ಮಚವೆಗೆ ಅಂತಹ ಸ್ಮಾರಕವಾವುದೂ ಇಲ್ಲ.

ದಂಡೆಯಲ್ಲಿ ಇಂದು ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ನೂಲು ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸುವ ವಾಡಿಕೆ ಉಳಿದಿದೆ. ಅಘನಾಶಿನಿಯ ಅಳಿವೆಯ ಒಳಗೆ, ಇಳಿತದಲ್ಲಿ ಮರಳು ತೆರೆದುಕೊಂಡಾಗ, ಚಿಪ್ಪಿಕಲ್ಲು ಹೆಕ್ಕುವ ಹೆಂಗಸರು ಗಂಡಸರು ಬುಟ್ಟಿ ಹಿಡಿದು ನೀರಿಗಿಳಿಯುತ್ತಾರೆ. ಅವರ ಕೆಲಸದ ವೇಳೆ ದಿನದಿನಕ್ಕೂ ಸುಮಾರು ಎರಡೆರಡು ಘಳಿಗೆ ಮುಂದಕ್ಕೆ ಸರಿಯುತ್ತ ಹೋಗುತ್ತದೆ.